ಕೋವಿಯ ಲಾಕು ಬಿಚ್ಚಿದರೆ ಕಾಣುವ ಚರಿತ್ರೆ

ಕೋವಿಯ ಮಾತು ಬಂದರೆ ನಮ್ಮ ಕಡೆ ಎಲ್ಲರೂ ನಳಿಗೆಯ ಗುಣಗಾನಕ್ಕೇ ಇಳಿಯುತ್ತಾರೆ. ಎಷ್ಟು ಉದ್ದ, ಒಂಟಿಯೋ ಜೋಡೋ, ಗುಂಡು ಎಷ್ಟು ದೂರ ಹೋಗುತ್ತದೆ, ಯಾರ ಅಜ್ಜ ಯಾವ ಕೊಲ್ಲಿಯಲ್ಲಿ ಎಂಥ ಹಂದಿ ಕೆಡವಿದ್ದ ಎನ್ನುವುದೇ ಕಥೆ. ನಾನು ಕೊಡಗಿನ ಶನಿವಾರಸಂತೆ ಕಡೆಯ ಆಚಾರಿಯ ಮಗ. ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಅರ ಹಿಡಿಯುವುದು ಕಲಿಸಿ ನಿವೃತ್ತನಾದವನು. ನಮ್ಮ ಕುಲುಮೆಗೆ ಬರುತ್ತಿದ್ದ ಕೇಪಿನ ಕೋವಿಗಳಲ್ಲಿ ನಳಿಗೆ ಕೆಟ್ಟವು ಅಪರೂಪ. ಬಂದವೆಲ್ಲ ಲಾಕು, ಎಂದರೆ ಮದ್ದಿಗೆ ಬೆಂಕಿ ಮುಟ್ಟಿಸುವ ಯಂತ್ರ, ಕೆಟ್ಟು ಬಂದವು. ಕುದುರೆ, ಎಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಏರುವುದಿಲ್ಲ, ಏರಿದರೆ ನಿಲ್ಲುವುದಿಲ್ಲ, ನಿಂತರೆ ಟ್ರಿಗರ್ ಎಳೆದರೂ ಬೀಳುವುದಿಲ್ಲ, ಬಿದ್ದರೆ ಕೇಪು ಒಡೆಯುವುದಿಲ್ಲ. ಈ ನಾಲ್ಕರಲ್ಲಿ ಒಂದು ದೂರು ಇದ್ದೇ ಇರುತ್ತಿತ್ತು. ಹೀಗಾಗಿ ಕೋವಿಯ ಚರಿತ್ರೆ ನನಗೆ ಕಂಡದ್ದು ಲಾಕಿನ ಕಡೆಯಿಂದ. ಮಳೆ ಸುರಿಯುವ ನಾಡಿನಲ್ಲಿ ಕೋವಿಯ ಭವಿಷ್ಯ ನಿರ್ಧಾರವಾಗುವುದು ಅಲ್ಲೇ ಎಂದು ನಾನು ಹೇಳಬಲ್ಲೆ.

ಎಲ್ಲಕ್ಕಿಂತ ಹಳೆಯದು ಬತ್ತಿ ಕೋವಿ. ಅದರಲ್ಲಿ ಲಾಕು ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಹೊಗೆಯಾಡುವ ಹುರಿಯನ್ನು ಕಚ್ಚಿ ಹಿಡಿದ ಒಂದು ಕೊಕ್ಕು, ಅದನ್ನು ರಂಜಕದ, ಎಂದರೆ ಮೊದಲು ಹೊತ್ತಿಕೊಳ್ಳುವ ಮದ್ದಿನ, ಬಟ್ಟಲಿಗೆ ಬಾಗಿಸುವ ಒಂದು ಸನ್ನೆ, ಅಷ್ಟೇ. ಬಲವಾದ ಸ್ಪ್ರಿಂಗ್ ಬೇಡ, ಹದ ಕೊಟ್ಟ ಉಕ್ಕು ಬೇಡ, ಕಲ್ಲು ಬೇಡ. ಕೆಟ್ಟರೆ ಯಾವ ಊರಿನ ಕುಲುಮೆಯಲ್ಲಾದರೂ ಸರಿಯಾಗುತ್ತಿತ್ತು. ಯುರೋಪಿನ ಸೈನ್ಯಗಳು ಬತ್ತಿಯನ್ನು ಬಿಟ್ಟು ನೂರು ವರ್ಷ ದಾಟಿದ ಮೇಲೂ ಭಾರತದ ಹಳ್ಳಿಗಳಲ್ಲಿ ಅದು ಉಳಿದದ್ದಕ್ಕೆ ಜನರ ಅಜ್ಞಾನ ಕಾರಣವೆಂದು ಕೆಲವರು ಬರೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕೆಟ್ಟಾಗ ರಿಪೇರಿ ಮಾಡಲಾಗದ ಆಯುಧಕ್ಕಿಂತ ರಿಪೇರಿಯಾಗುವ ಆಯುಧ ಮೇಲು ಎಂದು ಲೆಕ್ಕ ಹಾಕಿದವರ ವಿವೇಕ ಅದು. ಅದರ ದೌರ್ಬಲ್ಯ ಒಂದೇ: ಮಳೆ ಬಂದರೆ ಬತ್ತಿ ಆರುತ್ತದೆ.

ಆಮೇಲೆ ಬಂದದ್ದು ಚಕಮಕಿ ಕಲ್ಲಿನ ಕೋವಿ. ಅದರ ಪಕ್ವ ರೂಪವನ್ನು 1610ರ ಆಸುಪಾಸಿನಲ್ಲಿ ಫ್ರಾನ್ಸಿನ ಲಿಸಿಯೂ ಊರಿನ ಮಾರಾಂ ಲ ಬೂರ್ಜ್ವಾ ಎಂಬ ಕುಶಲಕರ್ಮಿ ಮಾಡಿದನೆನ್ನುತ್ತಾರೆ. ಚರಿತ್ರೆಯ ಪುಸ್ತಕಗಳು ಕಲ್ಲಿನ ಕಿಡಿಯನ್ನು ವರ್ಣಿಸುತ್ತವೆ. ಆಚಾರಿಯ ಕಣ್ಣಿಗೆ ಅದಕ್ಕಿಂತ ದೊಡ್ಡದು ತಗಡಿನ ಹಿಂದೆ ಅವಿತ ಯಂತ್ರ. ಕುದುರೆಯ ಅಚ್ಚಿಗೆ ಒಂದು ದಪ್ಪ ಬಿಲ್ಲೆ. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚು. ಕಚ್ಚಿಗೆ ಮೂಗು ತೂರಿಸಿ ನಿಲ್ಲುವ ಒಂದು ಕೊಕ್ಕೆ. ಬಿಲ್ಲೆಯನ್ನು ಸದಾ ಕೆಳಕ್ಕೆ ಒತ್ತುವ ದೊಡ್ಡ ಸ್ಪ್ರಿಂಗ್, ಕೊಕ್ಕೆಯನ್ನು ಸದಾ ಕಚ್ಚಿನ ಕಡೆಗೆ ತಳ್ಳುವ ಚಿಕ್ಕ ಸ್ಪ್ರಿಂಗ್, ಇವೆಲ್ಲ ಅಲುಗದಂತೆ ಹಿಡಿಯುವ ಒಂದು ಸೇತುವೆ. ಇಲಿಬೋನು ಕಟ್ಟುವವನಿಗೂ ಅರ್ಥವಾಗುವ ತತ್ತ್ವ. ಕುದುರೆಯನ್ನು ಹೆಬ್ಬೆರಳಿನಿಂದ ಅರ್ಧ ಎಳೆದರೆ ಕೊಕ್ಕೆಯ ಮೂಗು ಮೊದಲ ಕಚ್ಚಿಗೆ ಬೀಳುತ್ತದೆ. ಆ ಕಚ್ಚು ಆಳ, ಅದಕ್ಕೊಂದು ತುಟಿಯೂ ಇರುತ್ತದೆ. ಟ್ರಿಗರ್ ಎಷ್ಟು ಎಳೆದರೂ ಮೂಗು ಅಲ್ಲಿಂದ ಹೊರಬರದು. ಇನ್ನೂ ಎಳೆದರೆ ಎರಡನೇ ಕಚ್ಚು. ಅದು ತೆಳುವು. ಅಲ್ಲಿಂದ ಮೂಗನ್ನು ಕದಲಿಸಲು ಬೆರಳ ತುದಿ ಸಾಕು.

ಕಲ್ಲಿನ ಕೋವಿ ಮೈಸೂರು ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು ಟಿಪ್ಪುವಿನ ಕಾಲಕ್ಕೆ. ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗ, ಬೆಂಗಳೂರುಗಳಲ್ಲಿ ಅವನ ಕಾರ್ಖಾನೆಗಳಿದ್ದವು. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಅವನ ಖಾಸಾ ಬಂದೂಕುಗಳ ಕುದುರೆ ಹುಲಿಯ ತಲೆಯ ಆಕಾರದಲ್ಲಿದ್ದು ಬಾಯಲ್ಲಿ ಕಲ್ಲು ಕಚ್ಚಿರುತ್ತದೆ. 1799ರ ಮೇ 4ರ ನಂತರ ಲೂಟಿಯಾಗಿ ಹೋದ ಇಂಥ ಕೋವಿಗಳಲ್ಲಿ ಕೆಲವು ಇವತ್ತು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಎಲ್ಲರೂ ಮೆಚ್ಚುವುದು ಆ ಹುಲಿಯನ್ನು. ನನಗೆ ಮೆಚ್ಚುಗೆ ಹುಲಿಯ ಹಿಂದಿನ ಸ್ಪ್ರಿಂಗ್ ಬಡಿದವನ ಮೇಲೆ. ಉಕ್ಕಿಗೆ ಹದ ತಪ್ಪಿದರೆ ಹುಲಿ ಬಾಯಿ ತೆರೆದುಕೊಂಡೇ ಕೂತಿರಬೇಕಿತ್ತು.

ಬತ್ತಿಗಿಂತ ಕಲ್ಲು ಎಷ್ಟೋ ಮೇಲಾದರೂ ಮಳೆಗೆ ಅದೂ ಸೋತಿತು. ಒಂದು ಕಲ್ಲು ಇಪ್ಪತ್ತು–ಮೂವತ್ತು ಈಡಿಗೆ ಮೊಂಡಾಗುತ್ತಿತ್ತು. ಬಟ್ಟಲಿನ ರಂಜಕ ಗಾಳಿಯ ತೇವಕ್ಕೇ ಗಟ್ಟಿಯಾಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಬಟ್ಟಲು ಉಜ್ಜಲು ಒಂದು ಪುಟ್ಟ ಬ್ರಷ್ಷು, ಬೆಂಕಿ ನಳಿಗೆಯೊಳಗೆ ಹೋಗುವ ಕಿವಿಯ ತೂತು ಚುಚ್ಚಲು ಒಂದು ತಂತಿ, ಎರಡನ್ನೂ ಮೈಮೇಲೆಯೇ ಕಟ್ಟಿಕೊಂಡು ತಿರುಗುತ್ತಿದ್ದರು. ಕಲ್ಲಿನ ಕೋವಿಯ ಮಿತಿ ಬಯಲಾದ ಒಂದು ಪ್ರಸಂಗದಲ್ಲಿ ನಮ್ಮ ದಕ್ಷಿಣದವರೇ ಇದ್ದರು. 1841ರ ಮೇ ಕೊನೆಯಲ್ಲಿ, ಚೀನಾದ ಕ್ಯಾಂಟನ್ನಿನ ಹೊರಗೆ, ಮದರಾಸು ನೇಟಿವ್ ಇನ್‌ಫೆಂಟ್ರಿಯ 37ನೇ ದಳದ ಒಂದು ಕಂಪನಿ ಬಿರುಮಳೆಯಲ್ಲಿ ದಾರಿ ತಪ್ಪಿ ಉಳಿದವರಿಂದ ಬೇರೆಯಾಯಿತು. ಈಟಿ, ಕತ್ತಿ ಹಿಡಿದ ಹಳ್ಳಿಗರು ಸುತ್ತುಗಟ್ಟಿದರು. ಸಿಪಾಯಿಗಳ ಕಲ್ಲಿನ ಬಂದೂಕುಗಳಲ್ಲಿ ಮದ್ದು ನೆನೆದು ಹಾರಲೇ ಇಲ್ಲ. ಚೌಕ ಕಟ್ಟಿ ಬಯೊನೆಟ್ಟಿನಲ್ಲೇ ತಡೆದು ನಿಂತವರನ್ನು ಕತ್ತಲಾದ ಮೇಲೆ ಹುಡುಕಿ ಕರೆತಂದದ್ದು ಮೆರೀನ್ ಪಡೆಯ ಎರಡು ಕಂಪನಿ. ಅವರ ಕೈಯಲ್ಲಿದ್ದದ್ದು ಕೇಪಿನ ಬಂದೂಕು. ಅದೇ ಮಳೆಯಲ್ಲಿ ಅದು ಹಾರಿತು.

ಕೇಪಿನ ಮೂಲ ಒಬ್ಬ ಪಾದ್ರಿಯ ಬಾತುಕೋಳಿ ಬೇಟೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಅಲೆಗ್ಸಾಂಡರ್ ಫೋರ್ಸಿತ್‌ಗೆ ಒಂದು ತಲೆನೋವಿತ್ತು: ಬಟ್ಟಲಿನ ರಂಜಕ ಭಗ್ಗೆಂದ ಕೂಡಲೇ, ಗುಂಡು ತಲುಪುವ ಮೊದಲೇ, ಹಕ್ಕಿ ಹಾರಿಹೋಗುತ್ತಿತ್ತು. ಪೆಟ್ಟು ಬಿದ್ದರೆ ಸಿಡಿಯುವ ಫಲ್ಮಿನೇಟ್ ಎಂಬ ರಾಸಾಯನಿಕವನ್ನು ಬಳಸಿ ಅವನು ಮಾಡಿದ ಲಾಕಿಗೆ 1807ರಲ್ಲಿ ಪೇಟೆಂಟ್ ಸಿಕ್ಕಿತು. ಲಂಡನ್ನಿನ ಟವರ್ ಕೋಟೆಯಲ್ಲಿ ಸರಕಾರಕ್ಕಾಗಿ ಪ್ರಯೋಗ ಮಾಡುತ್ತಿದ್ದವನನ್ನು ಹೊಸದಾಗಿ ಬಂದ ಅಧಿಕಾರಿ, ಆ ಕಸವನ್ನೆಲ್ಲ ಎತ್ತಿಕೊಂಡು ಹೋಗು ಎಂಬರ್ಥದಲ್ಲಿ ಕಳಿಸಿದ. ಅದೇ ಮಸಾಲೆಯನ್ನು ತಾಮ್ರದ ಪುಟ್ಟ ಟೋಪಿಯೊಳಗೆ ತುಂಬಿದ ಕೇಪು ಮುಂದಿನ ದಶಕಗಳಲ್ಲಿ ಬಂತು. ಬ್ರಿಟಿಷ್ ಸೈನ್ಯ ಮಾತ್ರ 1834ರವರೆಗೂ ಕಾದು, ವುಲ್ವಿಚ್‌ನಲ್ಲಿ ಎರಡು ಬಗೆಯ ಬಂದೂಕುಗಳನ್ನೂ ಸಾವಿರಾರು ಈಡು ಹಾರಿಸಿ ನೋಡಿತು. ಕಲ್ಲಿನದು ಆರೂವರೆ ಈಡಿಗೆ ಒಂದು ಸುಳ್ಳಾಯಿತು. ಕೇಪಿನದು ಸಾವಿರಕ್ಕೆ ಆರು. ಅದೇ 1834ರಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂದು ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಆಮೇಲಿನ ಕೆಲವು ದಶಕಗಳಲ್ಲಿ ಕೇಪಿನ ಕೋವಿ ಕೊಡಗಿನ ಮನೆಮನೆಗೆ ಸೇರಿತು.

ಇಲ್ಲೊಂದು ವಿಷಯ ಗಮನಿಸಬೇಕು. ಕಲ್ಲಿನ ಕೋವಿ ಕೇಪಿನ ಕೋವಿಯಾದಾಗ ಬದಲಾದದ್ದು ಹೊರಗಿನ ವೇಷ ಮಾತ್ರ. ಕಲ್ಲು ಕಚ್ಚುವ ಬಾಯಿಯ ಜಾಗದಲ್ಲಿ ತಲೆ ತಗ್ಗಿದ ಸುತ್ತಿಗೆ, ಬಟ್ಟಲಿನ ಜಾಗದಲ್ಲಿ ಕೇಪು ಕೂರುವ ನಿಪ್ಪಲ್ಲು. ಒಳಗಿನ ಬಿಲ್ಲೆ, ಕೊಕ್ಕೆ, ಎರಡು ಸ್ಪ್ರಿಂಗ್, ಸೇತುವೆ ಇದ್ದ ಹಾಗೇ ಉಳಿದವು. ಎಷ್ಟೋ ಹಳೆಯ ಕೋವಿಗಳನ್ನು ಬರೀ ಕುದುರೆ ಬದಲಿಸಿ, ನಿಪ್ಪಲ್ಲು ಕೂರಿಸಿ ಮಾರ್ಪಡಿಸಿಕೊಂಡರು. ಲಿಸಿಯೂವಿನ ಕುಶಲಕರ್ಮಿಯನ್ನು ಎಬ್ಬಿಸಿ 1853ರ ಎನ್‌ಫೀಲ್ಡ್ ರೈಫಲ್ಲಿನ ಲಾಕು ಕೊಟ್ಟಿದ್ದರೆ ಅವನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಿದ್ದ. ನಮ್ಮಪ್ಪನೂ ಅಷ್ಟೇ. ಅವರ ಮುಂದೆ ಬರುತ್ತಿದ್ದವುಗಳಲ್ಲಿ ತಗಡಿನ ಹಿಂಬದಿಗೆ ಕಿರೀಟ, ಮುಂಬದಿಗೆ ‘ಟವರ್’ ಎಂಬ ಇಂಗ್ಲಿಷ್ ಅಕ್ಷರ ಕೊರೆದವು ಇರುತ್ತಿದ್ದವು. ಅದನ್ನು ನೋಡಿ ನಕಲು ಹೊಡೆದವೂ, ಬಿಹಾರದ ಮುಂಗೇರಿನವೂ ಇರುತ್ತಿದ್ದವು. ಅಪ್ಪ ಅಕ್ಷರ ಓದುತ್ತಿರಲಿಲ್ಲ. ಕುದುರೆಯನ್ನು ನಿಧಾನಕ್ಕೆ ಎಳೆದು, ಕಚ್ಚು ಬೀಳುವ ‘ಟಿಕ್’ ಸದ್ದಿಗೆ ಕಿವಿ ಕೊಟ್ಟು, ಅಸಲಿಯೋ ನಕಲಿಯೋ ಹೇಳುತ್ತಿದ್ದರು.

ಲಾಕು ಕೊಳೆಯಾಗುವುದು ಹೇಗೆ ಎಂಬುದಕ್ಕೆ ರಸಾಯನಶಾಸ್ತ್ರ ಸ್ವಲ್ಪ ಬೇಕು. ಕರಿಮದ್ದಿನ ಪಾಕ ಹಳೆಯದು: ನೂರು ಪಾಲಿನಲ್ಲಿ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪೊಟ್ಯಾಸಿಯಂ ಲವಣಗಳ ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟ ಗಾಳಿಯ ತೇವ ಹೀರುತ್ತದೆ, ಕಬ್ಬಿಣ ತಿನ್ನುತ್ತದೆ. ನಳಿಗೆಯ ಕಿಟ್ಟ ಎಲ್ಲರಿಗೂ ಗೊತ್ತು. ಲಾಕಿನದು ಕಳ್ಳ. ಈಡು ಹಾರುವಾಗ ನಿಪ್ಪಲ್ಲಿನ ಸಣ್ಣ ತೂತಿನಿಂದ ಒಂದಿಷ್ಟು ಹೊಗೆ ಹಿಂದಕ್ಕೂ ಉಗುಳುತ್ತದೆ. ಅದು ಕುದುರೆಯ ಬುಡಕ್ಕೆ ಹತ್ತಿ, ಅಚ್ಚಿನ ಸಂದಿನಿಂದ ತಗಡಿನ ಹಿಂದಕ್ಕೆ ನುಸುಳುತ್ತದೆ. ಅದರ ಜೊತೆಗೆ ಕೇಪಿನ ಮಸಾಲೆಯಲ್ಲಿ ಸೇರಿಸುತ್ತಿದ್ದ ಕ್ಲೋರೇಟು ಉರಿದು ಉಪ್ಪಿನಂಥದೇ ಒಂದು ಲವಣವಾಗುತ್ತದೆ. ಈ ಲವಣ ಎಣ್ಣೆಗೆ ಕರಗದು, ನೀರಿಗೆ ಮಾತ್ರ ಕರಗುತ್ತದೆ. ಬೇಟೆಯಿಂದ ಬಂದವರು ಕೋವಿಗೆ ಎಣ್ಣೆ ಹಚ್ಚಿ ಗೋಡೆಗೆ ತೂಗುಹಾಕಿ, ‘ಎಷ್ಟು ಎಣ್ಣೆ ಹಾಕಿದ್ರೂ ತುಕ್ಕು ಹಿಡೀತದೆ ಆಚಾರ್ರೇ’ ಎಂದು ದೂರುತ್ತಿದ್ದರು. ಎಣ್ಣೆ ಆ ಉಪ್ಪಿನ ಮೇಲೆ ಹೊದಿಕೆಯಾಗಿ ಕೂತದ್ದಷ್ಟೇ. ‘ಮೊದ್ಲು ನೀರು, ಆಮೇಲೆ ಬೆಂಕಿ, ಕಡೀಗೆ ಎಣ್ಣೆ’ ಎನ್ನುವುದು ಅಪ್ಪನ ಉತ್ತರ. ಬೆಂಕಿ ಎಂದರೆ ಕುಲುಮೆಯ ಹತ್ತಿರ ಇಟ್ಟು ಒಣಗಿಸುವುದು.

ಆಟಿ ತಿಂಗಳ ಕೊನೆಯಿಂದ ಕೋವಿಗಳು ನಮ್ಮ ಜಗಲಿಗೆ ಬರಲು ಶುರುವಾಗುತ್ತಿದ್ದವು. ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಗಜವನ್ನು, ಎಂದರೆ ಮದ್ದು ಜಡಿಯುವ ಕೋಲನ್ನು, ನಳಿಗೆಯೊಳಗೆ ಇಳಿಸಿ ಈಡು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ಮಾಲೀಕ ಎಷ್ಟು ಆಣೆ ಪ್ರಮಾಣ ಮಾಡಿದರೂ ಗಜ ಇಳಿಸದೆ ಕೋವಿಯನ್ನು ಮಡಿಲಿಗೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಆಮೇಲೆ ಒಂದು ಒಗೆದ ಬಿಳಿ ಪಂಚೆ ಹಾಸುತ್ತಿದ್ದರು. ಬಿಳಿ ಯಾಕೆಂದರೆ ಸಣ್ಣ ತಿರುಪು ಬಿದ್ದರೆ ಕಾಣಬೇಕು. ಕೆಲವು ಕೋವಿಗಳಲ್ಲಿ ತಿರುಪಿಗಿಂತ ಸಣ್ಣ ಚೂರೂ ಇರುತ್ತಿತ್ತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ ಮೇಲೆ ಬಂದ ಬಿಳಿ ದೊರೆಗಳು ತಂದಿದ್ದ ರೈಫಲ್ಲುಗಳಲ್ಲಿ ಕೆಲವು ಕೈ ಬದಲಾಗುತ್ತಾ ನಮ್ಮವರೆಗೂ ಬಂದಿದ್ದವು. ಅವಕ್ಕೆ ಉಸಿರು ತಾಗಿದರೂ ಸಡಿಲುವ ಹಗುರ ಟ್ರಿಗರು, ಬಿಲ್ಲೆಯ ಕಚ್ಚಿನಲ್ಲಿ ಅಕ್ಕಿ ಕಾಳಿನಷ್ಟು ಒಂದು ಸಡಿಲ ರೆಕ್ಕೆ. ಕುದುರೆ ಬೀಳುವಾಗ ಕೊಕ್ಕೆಯ ಮೂಗು ದಾರಿಯಲ್ಲಿ ಅರ್ಧದ ಕಚ್ಚಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಆ ರೆಕ್ಕೆಯ ಕೆಲಸ. ಅದು ಕಳೆದರೆ ಆ ರೈಫಲ್ಲು ಮುಗಿದಂತೆ.

ಲಾಕು ಬಿಚ್ಚುವ ಕ್ರಮ ಅವರದು ಒಂದೇ, ಎಂದೂ ಬದಲಾಗದು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಆಚೆ ಬದಿಯ ಎರಡು ಅಡ್ಡ ತಿರುಪುಗಳನ್ನು ಮುಕ್ಕಾಲು ಬಿಚ್ಚಿ, ಅವುಗಳ ತಲೆಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುವುದು. ಈಚೆ ಬದಿಗೆ ಲಾಕು ತಾನಾಗಿ ಎದ್ದು ಬರುತ್ತದೆ. ಚೂರಿ ತುದಿ ಹಾಕಿ ಮೀಟಿದರೆ ಮರದ ಅಂಚು ಸಿಬಿರೇಳುತ್ತದೆ. ಲಾಕು ಕೈಗೆ ಬಂದ ಮೇಲೆ ಮೊದಲು ದೊಡ್ಡ ಸ್ಪ್ರಿಂಗ್. ಎರಡು ಮಡಿಕೆಯಾಗಿ ಬಾಗಿಸಿದ ಉಕ್ಕಿನ ಪಟ್ಟಿ ಅದು. ಕುದುರೆಯನ್ನು ಪೂರ್ತಿ ಏರಿಸಿದರೆ ಮಡಿಕೆ ಒಂದಕ್ಕೊಂದು ಹತ್ತಿರ ಬರುತ್ತದೆ. ಆಗ ಅದಕ್ಕೆ ತಕ್ಕ ಹಿಡಿಕೆ ಹಾಕಿ ಬಿಗಿದು, ಕುದುರೆ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಪೇಟೆಯ ಅಂಗಡಿಯ ಹಿಡಿಕೆ ನಮ್ಮಲ್ಲಿರಲಿಲ್ಲ. ಕಬ್ಬಿಣದ ಪಟ್ಟಿಯಲ್ಲಿ ಅಪ್ಪನೇ ಮಾಡಿಕೊಂಡಿದ್ದರು. ಆಮೇಲೆ ಚಿಕ್ಕ ಸ್ಪ್ರಿಂಗ್, ಕೊಕ್ಕೆ, ಸೇತುವೆ, ಕೊನೆಗೆ ಬಿಲ್ಲೆ ಮತ್ತು ಕುದುರೆ. ಸೈನ್ಯದ ಕೈಪಿಡಿಗಳಲ್ಲಿ ಇದೇ ಕ್ರಮ ಅಚ್ಚಾಗಿರುವುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಅಪ್ಪನಿಗೆ ಕಲಿಸಿದ್ದು ಅವರ ಸೋದರಮಾವ, ಪುಸ್ತಕವಲ್ಲ. ಅದರಲ್ಲಿ ಆಶ್ಚರ್ಯವಿಲ್ಲ. ಬೇರೆ ಕ್ರಮದಲ್ಲಿ ಬಿಚ್ಚಲು ಆ ಯಂತ್ರ ಬಿಡುವುದೇ ಇಲ್ಲ.

ತೊಳೆಯಲು ಬಿಸಿನೀರು, ಅಂಟುವಾಳದ ನೊರೆ, ಹಂದಿ ಕೂದಲಿನ ಕುಂಚ. ಟ್ರಿಗರಿನ ಹಿತ್ತಾಳೆ ಬಳೆಯನ್ನು ಹೊಳೆಸಲು ಮನೆಯ ಹೆಂಗಸರು ಹುಣಸೆಹಣ್ಣು ಉಜ್ಜುತ್ತಿದ್ದರು. ಅದು ಕಬ್ಬಿಣಕ್ಕೆ ತಾಗಿದರೆ ಅಪ್ಪ ಸಿಡುಕುತ್ತಿದ್ದರು. ಇಟ್ಟಿಗೆ ಪುಡಿಯಲ್ಲಿ ತಿಕ್ಕುವುದಂತೂ ನಿಷಿದ್ಧ. ಕಂಪನಿ ಕಾಲದ ಸೈನಿಕರು ಬಂದೂಕು ಫಳಫಳ ಹೊಳೆಯಲೆಂದು ಇಟ್ಟಿಗೆ ಪುಡಿಯಲ್ಲಿ ಉಜ್ಜುಜ್ಜಿ ಕಬ್ಬಿಣವನ್ನೇ ಸವೆಸಿದ್ದು ಚರಿತ್ರೆಯಲ್ಲಿದೆ. ಲಾಕಿನಲ್ಲಿ ಹಾಗೆ ಉಜ್ಜಿದರೆ ಕಚ್ಚಿನ ಮೂಲೆ ದುಂಡಗಾಗುತ್ತದೆ, ಮೂಗು ಜಾರುತ್ತದೆ. ಕಚ್ಚಿಗೆ ಅರ ಮುಟ್ಟಿಸಬಾರದು. ಗಡಸು ಪದರ ಅಂಗುಲದ ಸಣ್ಣ ಪಾಲಿನಷ್ಟು ಮೇಲ್ಮೈಯಲ್ಲಿ ಮಾತ್ರ ಇರುತ್ತದೆ, ಅದು ಹೋದರೆ ಒಳಗೆ ಮೆತ್ತಗಿನ ಕಬ್ಬಿಣ. ಅಗತ್ಯವಿದ್ದರೆ ನುಣ್ಣನೆಯ ಸಾಣೆಕಲ್ಲಿನಿಂದ ಒಂದೆರಡು ಸಲ ಎಳೆಯಬೇಕು, ಅದೂ ಮೂಲೆ ಕೆಡದಂತೆ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ಕಲ್ಪನೆಯಿದೆ. ಮನೆಮನೆಯಲ್ಲೂ ಕೊಬ್ಬರಿ ಎಣ್ಣೆ. ನಳಿಗೆಗೆ ಅದು ಒಳ್ಳೆಯದೇ. ಖನಿಜ ಎಣ್ಣೆ ಮದ್ದಿನ ಉರಿಗೆ ಸುಟ್ಟು ಡಾಂಬರಿನಂತೆ ಅಂಟುತ್ತದೆ, ಕೊಬ್ಬರಿ ಎಣ್ಣೆ ಹಾಗೆ ಮಾಡದು. ಆದರೆ ಲಾಕಿನೊಳಗೆ ಅದು ಶತ್ರು. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಸೋಮವಾರಪೇಟೆಯ ಮಾಗಿ ಬೆಳಗಿನಲ್ಲಿ ಕುದುರೆ ಮೆಲ್ಲಗೆ ಬಿದ್ದು ಕೇಪು ಒಡೆಯದೆ ಉಳಿಯಲು ಇದೇ ಕಾರಣ. ಮಧ್ಯಾಹ್ನ ಅದೇ ಕೋವಿ ಸರಿಯಾಗಿ ಹಾರುತ್ತಿತ್ತು. ಜನ ಅದಕ್ಕೆ ದೃಷ್ಟಿ, ಮಾಟ ಎಂದೆಲ್ಲ ಹೆಸರಿಡುತ್ತಿದ್ದರು. ಇಂಗ್ಲಿಷರು ಲಾಕಿಗೂ ತುಕ್ಕಿಗೂ ಬರ್ಮಾದಿಂದ ಬರುತ್ತಿದ್ದ ರಂಗೂನ್ ಎಣ್ಣೆ ಬಳಸುತ್ತಿದ್ದರು. ಅಪ್ಪ ದರ್ಜಿಯ ಹತ್ತಿರ ಕೇಳಿ ತಂದ ಹೊಲಿಗೆ ಯಂತ್ರದ ಎಣ್ಣೆಯನ್ನು ಕೋಳಿಪುಕ್ಕದ ತುದಿಯಲ್ಲಿ ಅದ್ದಿ, ಬಿಲ್ಲೆಯ ಅಚ್ಚಿಗೆ ಒಂದು ಹನಿ, ಕೊಕ್ಕೆಯ ಮೂಗಿಗೆ ಒಂದು, ಸ್ಪ್ರಿಂಗ್ ತಗಡಿಗೆ ಉಜ್ಜುವ ಕಡೆ ಒಂದು ಇಡುತ್ತಿದ್ದರು. ಅದಕ್ಕಿಂತ ಹೆಚ್ಚಾದ ಎಣ್ಣೆ ಮರಕ್ಕೆ ಇಳಿದು ಲಾಕಿನ ಗೂಡನ್ನೇ ಮೆತ್ತಗೆ ಮಾಡುತ್ತದೆ.

ಎಲ್ಲ ತೊಳೆದು ಜೋಡಿಸಿದ ಮೇಲೂ ಕೆಲವು ಕೋವಿಗಳ ಕುದುರೆ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ಲಾಕು ಸರಿ, ಮರದೊಳಗೆ ಕೂರಿಸಿದರೆ ತಪ್ಪು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅಂಥ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಕೊಕ್ಕೆಯ ಬಾಲ ಗೂಡಿನ ಗೋಡೆಗೆ ತಾಗಿ, ಮೂಗು ಕಚ್ಚಿನವರೆಗೆ ಹೋಗದೆ ನಿಲ್ಲುತ್ತದೆ. ಎಲ್ಲಿ ತಾಗುತ್ತಿದೆ ಎಂದು ಕಣ್ಣಿಗೆ ಕಾಣದು. ಅಪ್ಪ ಚಿಮಣಿ ದೀಪದ ಕಾಡಿಗೆಯನ್ನು ಲಾಕಿನ ಒಳಮೈಗೆಲ್ಲ ಹಿಡಿಸಿ, ಗೂಡಿನಲ್ಲಿ ಕೂರಿಸಿ, ಕುದುರೆ ಏರಿಸಿ ಇಳಿಸಿ, ಮತ್ತೆ ತೆಗೆಯುತ್ತಿದ್ದರು. ಮರದಲ್ಲಿ ಕಪ್ಪು ಹತ್ತಿದ ಕಡೆ ಉಳಿಯಿಂದ ಈರುಳ್ಳಿ ಸಿಪ್ಪೆಯಷ್ಟು ಕೆರೆಯುವುದು, ಮತ್ತೆ ಕಾಡಿಗೆ, ಮತ್ತೆ ಕೆರೆತ. ನಾನು ಫಿಟ್ಟರ್ ಹುಡುಗರಿಗೆ ನೀಲಿ ಬಣ್ಣ ಹಚ್ಚಿ ಮೇಲ್ಮೈ ಹೊಂದಿಸುವುದನ್ನು ಕಲಿಸಿದ್ದು ಇದೇ ವಿದ್ಯೆ.

ಸ್ಪ್ರಿಂಗ್ ಮುರಿದು ಬಂದರೆ ಹಳೆಯ ಗರಗಸದ ಅಲಗಿನಿಂದ ಹೊಸದು. ಕೆಂಪಗೆ ಕಾಯಿಸಿ ಬಾಗಿಸಿ, ಅರದಿಂದ ತುದಿಯ ಕಡೆಗೆ ತೆಳ್ಳಗಾಗುವಂತೆ ಇಳಿಸಿ, ಮತ್ತೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನಂತೆ ಗಡಸು. ಕೈ ಜಾರಿ ಬಿದ್ದರೂ ಎರಡು ತುಂಡು. ಅದರ ಗಡಸುತನ ಇಳಿಸಿ ಬಾಗುವ ಗುಣ ಬರಿಸುವುದೇ ಹದ. ಅಪ್ಪನ ಬಳಿ ಉಷ್ಣಮಾಪಕ ಎಲ್ಲಿಂದ ಬರಬೇಕು? ಸ್ಪ್ರಿಂಗಿಗೆ ಎಣ್ಣೆ ಸವರಿ ಕೆಂಡದ ಮೇಲೆ ಆಡಿಸುವರು. ಮೊದಲು ಹೊಗೆ, ಆಮೇಲೆ ಎಣ್ಣೆಗೆ ಬೆಂಕಿ ಹತ್ತಿ ನೀಲಿ ಜ್ವಾಲೆ ಮೈಮೇಲೆಲ್ಲ ಓಡಿ ಆರುತ್ತದೆ. ಆರಿದ ಕ್ಷಣವೇ ಹದ ಬಂದ ಕ್ಷಣ. ಯುರೋಪಿನ ಬಂದೂಕು ಕುಶಲಕರ್ಮಿಗಳೂ ಹೀಗೆಯೇ ಎಣ್ಣೆ ಉರಿಸಿ ಹದ ನೋಡುತ್ತಿದ್ದರು.

ಈ ಕೆಲಸಕ್ಕೆಲ್ಲ ಒಂದು ಗಡುವು ಇತ್ತು. ಅದು ಕೈಲ್ ಮುಹೂರ್ತ, ಕೊಡವರ ಕೈಲ್ ಪೊಳ್ದ್. ಸೆಪ್ಟೆಂಬರ್ 3ರ ಆಸುಪಾಸಿಗೆ ಬರುವ ಹಬ್ಬ. ಉಳುಮೆ, ನಾಟಿ ಶುರುವಾದರೆ ಆಯುಧಗಳು ಐನ್‌ಮನೆಯ, ಎಂದರೆ ಕುಲದ ಮೂಲಮನೆಯ, ದೇವರ ಕೋಣೆಯಾದ ಕನ್ನಿಕೋಂಬರೆ ಸೇರುತ್ತಿದ್ದವು. ಆ ತಿಂಗಳುಗಳಲ್ಲಿ ಗದ್ದೆಯೇ ಮುಖ್ಯ, ಬೇಟೆ ಅಲ್ಲ. ನಾಟಿ ಮುಗಿದ ಮೇಲೆ ಅವನ್ನು ಹೊರತೆಗೆದು, ತೊಳೆದು, ಎಣ್ಣೆ ಹಚ್ಚಿ, ಗಂಧವಿಟ್ಟು, ಸಾಲಾಗಿ ಇಟ್ಟು ಪೂಜೆ. ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೆಂಪು ಹಳದಿ ಎಸಳಿನ ಈ ಹೂವು ಅದೇ ಕಾಲಕ್ಕೆ ಬೇಲಿಯಲ್ಲಿ ಅರಳುತ್ತದೆ. ಕಡಂಬುಟ್ಟು, ಹಂದಿ ಸಾರಿನ ಊಟವಾದ ಮೇಲೆ ಊರಿನ ಮೈದಾನವಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ. ಇದನ್ನು ನೋಡಿದವರಿಗೆ ಪೂಜೆ ಕಾಣುತ್ತದೆ, ಪಂದ್ಯ ಕಾಣುತ್ತದೆ. ಆಚಾರಿಗೆ ಕಂಡದ್ದು ಬೇರೆ: ಆಯುಧಕ್ಕೆ ಅತಿ ಕೆಟ್ಟ ಕಾಲವಾದ ಮಳೆಗಾಲದ ಕೊನೆಗೆ, ವರ್ಷಕ್ಕೊಮ್ಮೆ ತಪ್ಪದೆ, ಪ್ರತಿ ಮನೆಯ ಪ್ರತಿ ಕೋವಿಯೂ ಬಿಚ್ಚಿ ತೊಳೆಸಿಕೊಳ್ಳಲೇಬೇಕಾದ ಏರ್ಪಾಡು. ಸೈನ್ಯದಲ್ಲಿ ಇದಕ್ಕೆ ಹುಕುಂ ಬೇಕು, ತಪಾಸಣೆ ಬೇಕು, ತಪ್ಪಿದರೆ ಶಿಕ್ಷೆ ಬೇಕು. ಇಲ್ಲಿ ಹಬ್ಬವೇ ಆ ಕೆಲಸ ಮಾಡಿತು. ತೆಂಗಿನಕಾಯಿ ಪಂದ್ಯದಲ್ಲಿ ಊರಿನವರೆದುರು ಕೇಪು ಒಡೆಯದೆ ಹೋದರೆ ಮನೆತನದ ಮಾನಕ್ಕೇ ಪೆಟ್ಟು. ಹಾಗಾಗಿ ಲಾಕು ಸರಿ ಮಾಡಿಸದೆ ಯಾರೂ ಇರುತ್ತಿರಲಿಲ್ಲ.

ಬರೀ ಹಬ್ಬವಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು. ಗುಡ್ಡದಾಚೆಯ ನೆಂಟರಿಗೆ ಸುದ್ದಿ ಮುಟ್ಟುತ್ತಿದ್ದದ್ದು ಹೀಗೆ. ಎರಡನೇ ಈಡು ಸುಳ್ಳಾದರೆ ಸಾವಿನ ಸುದ್ದಿ ಹುಟ್ಟಿನ ಸುದ್ದಿಯಾಗಿಬಿಡುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಕಾನೂನಿನ ಕಥೆ ಬೇರೆಯೇ ದಾರಿ ಹಿಡಿಯಿತು. 1857ರ ದಂಗೆಯಾದ ಮೇಲೆ ಬ್ರಿಟಿಷರು 1860ರಲ್ಲಿ ಜನರ ಆಯುಧ ಕಸಿಯುವ ಕಾಯ್ದೆ ತಂದರು. ಮೈಸೂರು, ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ, ಹುದ್ದೆ ಬಿಟ್ಟು ಹೊರಡುವ ಹೊತ್ತಿಗೆ, ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟ. 1878ರ ಶಸ್ತ್ರ ಕಾಯ್ದೆ ಬಂದಾಗಲೂ ಆ ವಿನಾಯಿತಿ ಉಳಿಯಿತು, 1959ರ ಕಾಯ್ದೆಯಲ್ಲೂ ಮುಂದುವರಿಯಿತು. ಕೊಡವರ ಜೊತೆಗೆ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದು ಸಲ್ಲುತ್ತದೆ. 2019ರ ಅಧಿಸೂಚನೆ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಈ ಎಲ್ಲ ಚರ್ಚೆ ಕೋವಿ ಇಟ್ಟುಕೊಳ್ಳುವವರ ಹಕ್ಕಿನದು. ಕೋವಿ ನೋಡಿಕೊಳ್ಳುವವನ ಮಾತು ಎಲ್ಲೂ ಬರಲಿಲ್ಲ. 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಕಾಯ್ದೆಯ 5ನೇ ಕಲಂ, ಆಯುಧ ತಯಾರಿಸುವವರ ಜೊತೆಗೆ ರಿಪೇರಿ ಮಾಡುವವರಿಗೂ ಲೈಸೆನ್ಸ್ ಕಡ್ಡಾಯ ಮಾಡಿತು. ನಾಡಬಂದೂಕು ಮಾಡುವವರನ್ನು ತಡೆಯಲು ಅದು ಬೇಕಾದ ಕಾನೂನೇ. ಆದರೆ ಎತ್ತಿನ ಲಾಳ, ನೇಗಿಲ ಗುಳ, ಕತ್ತಿ, ಕೋವಿಯ ಲಾಕು ಎಲ್ಲವನ್ನೂ ಒಂದೇ ಅಡಿಗಲ್ಲಿನ ಮೇಲೆ ಮಾಡುತ್ತಿದ್ದ ಹಳ್ಳಿಯ ಆಚಾರಿ ರಿಜಿಸ್ಟರು, ಸ್ಟಾಕು ಪುಸ್ತಕ, ಕಬ್ಬಿಣದ ಬಾಗಿಲಿನ ಕೋಣೆ ಎಲ್ಲಿಂದ ತರಬೇಕು? ಠಾಣೆಯಿಂದ ಒಬ್ಬ ದಫೇದಾರರು ಬಂದು ಕಾಫಿ ಕುಡಿದು, ‘ಇನ್ನು ಇದೆಲ್ಲ ಬೇಡ ಆಚಾರ್ರೇ’ ಎಂದು ಮರ್ಯಾದೆಯಿಂದಲೇ ಹೇಳಿ ಹೋದರು. ಅಪ್ಪ ಸ್ಪ್ರಿಂಗಿನ ಹಿಡಿಕೆಯನ್ನು ಎತ್ತಿಟ್ಟು ಕಾಫಿ ಪಲ್ಪರ್ ರಿಪೇರಿಗೆ ಇಳಿದರು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯೂ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಉಳಿದದ್ದು ಜಮ್ಮಾ ಕೋವಿ, ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ. ಅನುಕೂಲವಿದ್ದವರು ತೋಟಾ ಕೋವಿಗೆ ಹೋದರು. ಕೇಪಿನ ಕೋವಿ ಗೋಡೆಗೆ ಹೋಯಿತು.

ಗೋಡೆಗೆ ಹೋದ ಕೋವಿ ಸತ್ತಿರುವುದಿಲ್ಲ, ಅದೇ ಈಗಿನ ಅಪಾಯ. ಹಿಂದೆ ವರ್ಷಕ್ಕೊಮ್ಮೆ ಲಾಕು ಬಿಚ್ಚುತ್ತಿದ್ದರು. ಈಗ ಹಬ್ಬದ ದಿನ ಹೊರಗಿನಿಂದ ಬಟ್ಟೆಯಲ್ಲಿ ಒರೆಸಿ ಹೂವಿಟ್ಟು ಫೋಟೋ ತೆಗೆದು ಮತ್ತೆ ತೂಗುಹಾಕುತ್ತಾರೆ. ತಗಡಿನ ಹಿಂದೆ ಏನಾಗಿದೆ ಎಂದು ನೋಡಿದವರಿಲ್ಲ. ಹಳೆಯ ಕೊಬ್ಬರಿ ಎಣ್ಣೆ ಮೇಣವಾಗಿ ಕೊಕ್ಕೆಯನ್ನು ಹಿಡಿದಿರುತ್ತದೆ. ಅರ್ಧದ ಕಚ್ಚಿನ ತುಟಿ ಮುರಿದಿರುತ್ತದೆ. ಮೂಗು ತುದಿಯಲ್ಲಿ ಕೂದಲೆಳೆಯಷ್ಟು ಮಾತ್ರ ನಿಂತಿರುತ್ತದೆ. ಅರ್ಧಕ್ಕೆ ನಿಂತ ಕುದುರೆಯನ್ನು ಭದ್ರ ಎಂದು ನಂಬಿಕೊಂಡು ಬಂದದ್ದು ನಾಲ್ಕು ತಲೆಮಾರಿನ ಅಭ್ಯಾಸ. ಕಚ್ಚು ಸರಿಯಿದ್ದ ಕಾಲದ ಅಭ್ಯಾಸವನ್ನು ಕಚ್ಚು ಸವೆದ ಕಾಲಕ್ಕೂ ಎಳೆದು ತಂದರೆ, ಕೋವಿ ಕೈ ಜಾರಿ ಬಿದ್ದ ಒಂದು ದಿನ ಅದು ಹಾರಬಹುದು. ಅಜ್ಜ ತುಂಬಿಟ್ಟು ಮರೆತ ಈಡು ಒಣಗಿದ್ದರೆ ಕರಿಮದ್ದಿಗೆ ವಯಸ್ಸಾಗುವುದಿಲ್ಲ.

ಆದ್ದರಿಂದ ಮನೆಯಲ್ಲಿ ಹಳೆಯ ಕೇಪಿನ ಕೋವಿ ಇರುವವರಲ್ಲಿ ನನ್ನದೊಂದು ವಿನಂತಿ. ಈ ಸಲದ ಕೈಲ್ ಮುಹೂರ್ತಕ್ಕೋ ಆಯುಧ ಪೂಜೆಗೋ ಅದನ್ನು ಇಳಿಸುವಾಗ ಮೊದಲು ನಿಪ್ಪಲ್ಲಿನ ಮೇಲೆ ಕೇಪು ಇದೆಯೇ ನೋಡಿ. ನಳಿಗೆಯ ಬಾಯಿಯನ್ನು ಯಾರ ಕಡೆಗೂ, ನಿಮ್ಮ ಕಡೆಗೂ, ತಿರುಗಿಸದೆ ಗಜವನ್ನು ಒಳಗೆ ಬಿಟ್ಟು ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಅದೇ ಗಜವನ್ನು ಹೊರಗೆ ನಳಿಗೆಯ ಉದ್ದಕ್ಕೆ ಹಿಡಿದು ನೋಡಿ. ಗಜದ ತುದಿ ನಿಪ್ಪಲ್ಲಿನ ಬುಡದ ಹತ್ತಿರದವರೆಗೆ ಬಾರದೆ ಮೂರ್ನಾಲ್ಕು ಬೆರಳು ಮುಂಚೆಯೇ ನಿಂತರೆ ಒಳಗೆ ಈಡು ಇದೆ ಎಂದೇ ತಿಳಿಯಿರಿ. ಆಗ ನೀವೇ ಏನೂ ಮಾಡಲು ಹೋಗದೆ ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ತಿಳಿಸಿ. ಈಡು ಇಲ್ಲದಿದ್ದರೂ ಲಾಕನ್ನು ಒಮ್ಮೆ ಅವರಿಂದಲೇ ಬಿಚ್ಚಿಸಿ ತೊಳೆಸಿ, ಎರಡೂ ಕಚ್ಚುಗಳನ್ನು ಪರೀಕ್ಷಿಸಲು ಹೇಳಿ. ಬರಿಯ ನಿಪ್ಪಲ್ಲಿನ ಮೇಲೆ ಕುದುರೆಯನ್ನು ಟಪಟಪ ಬಡಿಸಿ ಮಕ್ಕಳಿಗೆ ಆಟ ತೋರಿಸಬೇಡಿ; ನಿಪ್ಪಲ್ಲೂ ಕೆಡುತ್ತದೆ, ಮಕ್ಕಳಿಗೆ ಅಭ್ಯಾಸವೂ ಆಗುತ್ತದೆ. ಇಷ್ಟು ಮಾಡಿದ ಮೇಲೆ ಪೂಜೆ ಮಾಡಿ. ಈ ಹಬ್ಬ ಹುಟ್ಟಿದಾಗ ತೊಳೆಯುವುದೇ ಮೊದಲಿತ್ತು, ಕೈ ಮುಗಿಯುವುದು ಆಮೇಲೆ.